ಅಪ್‌ಡೇಟ್: ಪಿಟಿ ಬೋಟ್ ಗೇಮ್‌ನ ಆ ರಾತ್ರಿ ಮಿಷನ್ ಕೊನೆಗೂ ಮುಗೀತು

ಪಿಟಿ ಬೋಟ್ ಅಂದ್ರೆ ಎರಡನೇ ಮಹಾಯುದ್ಧದಲ್ಲಿ ಅಮೆರಿಕದವ್ರು ಬಳಸ್ತಿದ್ದ, ಟಾರ್ಪಿಡೊ (ನೀರೊಳಗೆ ಓಡೋ ಸಿಡಿಗುಂಡು) ಬಿಡೋ ಪುಟ್ಟ ವೇಗದ ದೋಣಿ. ಹೋದ ವಾರ ಕೇಳಿದ್ನಲ್ಲ, ಪೆಸಿಫಿಕ್ ಸಾಗರದ ಸೊಲೊಮನ್ ದ್ವೀಪಗಳ ಮಿಷನ್‌ನಲ್ಲಿ ಜಪಾನಿ ಡಿಸ್ಟ್ರಾಯರ್ (ವೇಗದ ಯುದ್ಧನೌಕೆ) ಹತ್ರ ಹೋಗೋ ಮುಂಚೆನೇ ನನ್ನ ಮೂರೂ ಬೋಟ್ ಉಡೀಸ್ ಆಗ್ತಿವೆ, ಏನ್ ಮಾಡ್ಲಿ ಅಂತ. "ಸ್ಪೀಡ್ ಕಮ್ಮಿ ಮಾಡಿ ಗುರು" ಅಂದ್ರು ಒಬ್ರು. ನಂಬಿಕೆನೇ ಬರ್ಲಿಲ್ಲ. 40 ನಾಟ್ (ಗಂಟೆಗೆ ಸುಮಾರು 74 ಕಿ.ಮೀ.) ಹತ್ರ ಓಡೋ ಬೋಟ್ ಕೊಟ್ಟು ಆಮೆ ತರ ಹೋಗು ಅಂದ್ರೆ ಹೆಂಗೆ?

ನಿನ್ನೆ ಟ್ರೈ ಮಾಡ್ದೆ. ಮೂರು ಇಂಜಿನ್‌ನಲ್ಲಿ ಎರಡು ಆಫ್ ಮಾಡಿದ್ ತಕ್ಷಣ ಬೋಟ್ ಹಿಂದೆ ಬರ್ತಿದ್ದ ಬಿಳಿ ನೊರೆ ಗೆರೆ ಮಾಯ, ಅದನ್ನ ನೋಡೇ ಜಪಾನಿಯವ್ರು ಸರ್ಚ್‌ಲೈಟ್ ತಿರುಗಿಸ್ತಿದ್ದಿದ್ದು ಅಂತ ಆಗ ತಲೆಗೆ ಹೋಯ್ತು, ಹಂಗೇ ದ್ವೀಪದ ನೆರಳಲ್ಲಿ ತೆವಳ್ಕೊಂಡು ಹೋಗಿ 900 ಮೀಟರ್‌ಗೆ ಬಂದ್ಮೇಲೆ ಎರಡು ಟಾರ್ಪಿಡೊ ಬಿಟ್ಟೆ, ಹಡಗು ಇದ್ದ ಜಾಗಕ್ಕಲ್ಲ, ಅದು ಬರೋ ಜಾಗಕ್ಕೆ ಗುರಿ ಇಟ್ಟು. ಒಂದು ಮಿಸ್. ಇನ್ನೊಂದು ಸರಿಯಾಗಿ ಹೊಟ್ಟೆಗೇ!

ಆದ್ರೆ ಇದ್ರಲ್ಲೂ ರಿಸ್ಕ್ ಇದೆ. 1943ರ ಆಗಸ್ಟ್ 2ರ ಬೆಳಗಿನ ಜಾವ, ಇನ್ನೂ ಕತ್ತಲಿರುವಾಗ್ಲೇ, ಕೆನಡಿ (ಮುಂದೆ ಅಮೆರಿಕ ಅಧ್ಯಕ್ಷ ಆದ್ರಲ್ಲ, ಅವ್ರೇ) ಇದ್ದ ಪಿಟಿ-109 ಬೋಟ್ ಹಿಂಗೇ ಒಂದೇ ಇಂಜಿನ್‌ನಲ್ಲಿ ನಿಧಾನಕ್ಕೆ ಹೋಗ್ತಿದ್ದಾಗ ಅಮಾಗಿರಿ ಅನ್ನೋ ಡಿಸ್ಟ್ರಾಯರ್ ಗುದ್ದಿ ಎರಡು ತುಂಡು ಮಾಡ್ತು, 13 ಜನರಲ್ಲಿ ಇಬ್ರು ಹೋದ್ರು. ನನ್ನ ಮೂರನೇ ಬೋಟ್‌ಗೂ ಅದೇ ಗತಿ, ಇಂಜಿನ್ ಪಿಕಪ್ ತಗೊಳ್ಳೋಷ್ಟ್ರಲ್ಲಿ ಡಿಸ್ಟ್ರಾಯರ್ ಮೇಲೇ ಹತ್ತಿಬಿಡ್ತು. ಉಳಿದೆರಡು ಹೊಗೆ ಬಿಟ್ಕೊಂಡು ಎಸ್ಕೇಪ್. ಈಗ ಮುಂದಿನ ಮಿಷನ್, ಫಿರಂಗಿ ಕಟ್ಟಿರೋ, ನೀರಲ್ಲಿ ಜಾಸ್ತಿ ಮುಳುಗದ ಚಪ್ಪಟೆ ತಳದ ಸರಕು ದೋಣಿ ಅಂದ್ರೆ ಬಾರ್ಜ್‌ಗಳು, ಟಾರ್ಪಿಡೊ ಅವುಗಳ ಕೆಳಗೇ ನುಸುಳ್ಕೊಂಡು ಹೋಗ್ತಿದೆ ಮಾರಾಯ್ರೆ.