1862ರ ವಿಕ್ಟೋರಿಯಾ ರೂಪಾಯಿ ಹತ್ತಕ್ಕೆ 48,000 ಹೇಳ್ತಿದ್ದಾರೆ, ತಗೊಂಡವರು ಅನುಭವ ಹೇಳಿ

ಸಿದ್ದಾಪುರದ ತೋಟಿಗ:
ಹುಬ್ಬಳ್ಳಿ ಕಡೆಯ ನಾಣ್ಯ ವ್ಯಾಪಾರಿಯೊಬ್ಬರು 1862ರ ಬೆಳ್ಳಿ ರೂಪಾಯಿ ಹತ್ತು, ಸರ್ಟಿಫಿಕೇಟ್ ಸಮೇತ ಕೊಡ್ತೇನೆ ಅಂತಿದ್ದಾರೆ. "ಒಂದೇ ವರ್ಷ ಅಚ್ಚಾಗಿದ್ದು, ಐದು ವರ್ಷಕ್ಕೆ ಮೂರು ಪಟ್ಟು" ಅಂತ ಮಾತು. ಚಾಲಿ ಅಡಿಕೆ ಮಾರಿದ ದುಡ್ಡು ಕೈಯಲ್ಲಿದೆ, ಮಗಳಿಗೆ ಅಂತ ಇಡುವ ಯೋಚನೆ. ಭಾನುವಾರದೊಳಗೆ ಹೇಳಬೇಕಂತೆ.

ಕುಮಟಾ ಮಾಸ್ತರ್:
ಆ "ಒಂದೇ ವರ್ಷ"ದ ಪುರಾಣ ನನ್ನೆದುರೂ ಓದಿದ್ದಾರೆ. 2018ರ ಶಿರಸಿ ಜಾತ್ರೆ, ಬಿಡಕಿಬೈಲಿನ ಹತ್ತಿರ ಒಬ್ಬ ವ್ಯಾಪಾರಿ ಟೇಬಲ್ ಹಾಕಿದ್ದ. ಒಂದಕ್ಕೆ 3,500. ನಾಲ್ಕಕ್ಕೆ ಚೌಕಾಸಿ ಮಾಡಿ 13,200, ವೆಲ್ವೆಟ್ ಡಬ್ಬಿಗೆ ಬೇರೆ 350. ಆಗ ಬೆಳ್ಳಿ ಕಿಲೋಗೆ 40 ಸಾವಿರದ ಆಸುಪಾಸು. ನಾಣ್ಯದ ತೂಕ 11.66 ಗ್ರಾಂ, ಅದರಲ್ಲಿ ಬೆಳ್ಳಿ 91.7%. ಅಂದರೆ ಒಂದರಲ್ಲಿ 430 ರೂಪಾಯಿ ಬೆಳ್ಳಿ! 1862 ಅನ್ನೋ ಇಸವಿಯನ್ನೇ 1874ರ ತನಕ ಹಾಕ್ತಾ ಹೋಗಿದ್ದಾರೆ ಮಾರಾಯ್ರೆ, ರಾಶಿ ಬಿದ್ದಿವೆ. ಮರುವರ್ಷ ಅದೇ ಆಸಾಮಿ ಹುಬ್ಬಳ್ಳಿಯಲ್ಲಿ ಸಿಕ್ಕ. "ಕಾಮನ್ ಪೀಸು ಮಾಸ್ತರ್ರೇ, 600 ಮಾಡಿ ತಗೋತೇನೆ" ಅಂದ. ಡಬ್ಬಿಗೆ ಸೊನ್ನೆ.

ಸದಾಶಿವಗಡದವ:
ಮಾಸ್ತರ್ರೇ, ಕರಗಿಸಿದ ಲೆಕ್ಕ ಹಾಕೋದಾದ್ರೆ ಬೆಳ್ಳಿ ಗಟ್ಟಿನೇ ತಗೋಬೇಕಿತ್ತು. ನಾನು ಪೋರ್ಚುಗೀಸರ ಗೋವಾ ರುಪಿಯಾ ಮಾತ್ರ ಸಂಗ್ರಹಿಸೋದು. ದೊರೆ ಲೂಯಿಸನ 1881, 1882, ಆಮೇಲೆ 1903ರ ಕಾರ್ಲೋಸ್. ಮಡಗಾಂವದಲ್ಲಿ 1,400 ಹೇಳುವ ರುಪಿಯಾಕ್ಕೆ ಕಾರವಾರದ ಕಾಳಿ ಸೇತುವೆ ದಾಟಿದ ಕೂಡಲೇ 4,000. ಒಂದನ್ನು 2,900ಕ್ಕೆ ತಂದೆ, ಸಂತೋಷವಾಗೇ ತಂದೆ, ಅಷ್ಟು ಚೊಕ್ಕ ಪೀಸು ನಮ್ಮ ಕಡೆ ಇನ್ನೊಬ್ಬರ ಹತ್ರ ತೋರಿಸಿ. ಬೆಲೆಗಿಂತ ಅಂಚು ನೋಡಿ. ಉಗುರಿನಿಂದ ಸುತ್ತ ಸವರಬೇಕು. ಹಿಂದೆ ಸರಕ್ಕೆ ಪೋಣಿಸಲು ಕೊಂಡಿ ಬೆಸೆದು, ಈಗ ಅದನ್ನು ಕಿತ್ತು ಅರ ಹಾಕಿದ್ದರೆ ಆ ಜಾಗದಲ್ಲಿ ಅಂಚಿನ ಅಡ್ಡಗೀರುಗಳು ಇರೋದಿಲ್ಲ, ನುಣ್ಣಗಿರ್ತದೆ. ವ್ಯಾಪಾರಿ ಅದೇ ಜಾಗವನ್ನು ಬೆರಳಲ್ಲಿ ಮುಚ್ಚಿ ಹಿಡಿದು ತೋರಿಸ್ತಾನೆ.

ಅಂಕೋಲೆಯ ನಾಯಕ:
ನೀವು ಕೊಂಡವರು. ನಮ್ಮ ಮಾವ ಮಾರಲು ಹೋದವರು. 2012ರ ವೈಷ್ಣೋದೇವಿ 5 ರೂಪಾಯಿ ನಾಣ್ಯಕ್ಕೆ ಹತ್ತು ಲಕ್ಷ ಅಂತ ಜಾಹೀರಾತು ನೋಡಿ ಫೋನ್ ಮಾಡಿದ್ರು. ರಿಜಿಸ್ಟ್ರೇಶನ್ನಿಗೆ 1,250, ಜಿಎಸ್‌ಟಿ ಅಂತ 7,800, ಕೊನೆಗೆ "ರಿಸರ್ವ್ ಬ್ಯಾಂಕಿನ ಎನ್‌ಒಸಿ"ಗೆ 15,500. ಒಟ್ಟು 24,550, ಎಲ್ಲ ಫೋನ್‌ಪೇಯಲ್ಲೇ. ಹಳೇ ನಾಣ್ಯ ನೋಟು ಮಾರಲು ನಾವು ಯಾವ ಶುಲ್ಕವನ್ನೂ ಕಮಿಷನ್ನನ್ನೂ ಕೇಳೋದಿಲ್ಲ ಅಂತ ರಿಸರ್ವ್ ಬ್ಯಾಂಕ್ 2021ರ ಆಗಸ್ಟಿನಲ್ಲೇ ಪ್ರಕಟಣೆ ಕೊಟ್ಟಿತ್ತು. ತೋರಿಸಿದ್ರೆ ಮಾವ ನನ್ನ ಮೇಲೇ ಹಾರಿದ್ರು. ಈಗ ರಾಮ ದರ್ಬಾರಿನ 1818ರ ಕಂಪನಿ ನಾಣ್ಯ ಹುಡುಕ್ತಿದ್ದಾರೆ, ಆಯಸ್ಕಾಂತದ ಹಾಗೆ ಅಕ್ಕಿಕಾಳು ಎಳೀತದಂತೆ. ಈಸ್ಟ್ ಇಂಡಿಯಾ ಕಂಪನಿ ಅಂಥ ನಾಣ್ಯ ಹೊರಡಿಸಲೇ ಇಲ್ಲ ಅಂದರೆ ಕೇಳೋರ್ಯಾರು?

ನಾಣ್ಯ ವ್ಯಾಪಾರಿ, ದಾಂಡೇಲಿ:
ಎಲ್ಲರನ್ನೂ ಒಂದೇ ಹಗ್ಗಕ್ಕೆ ಕಟ್ಟಬೇಡಿ. ಪ್ರದರ್ಶನದಲ್ಲಿ ಟೇಬಲ್ ಬಾಡಿಗೆ, ಲಾಡ್ಜು, ಬಸ್ಸು, ಎಲ್ಲ ಕಳೆದು ನಮಗೂ ಉಳಿಯಬೇಕಲ್ಲ? ಕೊಂಡ ಬೆಲೆಗೇ ವಾಪಸ್ ತಗೊಳ್ಳೋಕೆ ಇದು ಬ್ಯಾಂಕ್ ಎಫ್‌ಡಿ ಅಲ್ಲ. ಮತ್ತೆ ನೀವು ತರೋ ನಾಣ್ಯಗಳೋ, ದೇವರ ಪಾತ್ರೆ ತಿಕ್ಕಿದ ಹಾಗೆ ವಿಭೂತಿ ಹಾಕಿ ಫಳಫಳ ಮಾಡಿರ್ತೀರಿ. ಅಲ್ಲಿಗೇ ಅರ್ಧ ಬೆಲೆ ಹೋಯ್ತು.

ಕುಮಟಾ ಮಾಸ್ತರ್:
ನಾನು ತಿಕ್ಕಿಲ್ಲ ಸ್ವಾಮಿ, ಡಬ್ಬಿಯಿಂದ ಹೊರಗೇ ತೆಗೆದಿಲ್ಲ. ಹೊಳಪು ಕೊಟ್ಟು "ಅಚ್ಚಿನಿಂದ ಈಗ ಬಂದ ಹಾಗಿದೆ" ಅನ್ನೋರು ನಿಮ್ಮವರೇ. ಐದನೇ ಜಾರ್ಜನ ಹಂದಿ ರೂಪಾಯಿ ಅಂತ 1912ರದ್ದನ್ನು ನನಗೆ ಕಟ್ಟಲು ಬಂದವರೂ ನಿಮ್ಮವರೇ. ನಿಲುವಂಗಿ ಮೇಲಿನ ಆನೆ ಹಂದಿಯಂತೆ ಕಂಡಿದ್ದು 1911ರದ್ದರಲ್ಲಿ ಮಾತ್ರ.

ಸದಾಶಿವಗಡದವ:
ಅದು ಎಲ್ಲರಿಗೂ ಗೊತ್ತು ಮಾಸ್ತರ್ರೇ, ಪಾಠ ಬೇಡ.

ಶಿರಸಿ ಅಕ್ಕ:
ಅಜ್ಜಿಯ ಪೆಟ್ಟಿಗೆಯಲ್ಲಿ ಇಕ್ಕೇರಿ ವರಹ ಒಂದಿತ್ತು, ಕೆಳದಿ ನಾಯಕರ ಚಿನ್ನದ ನಾಣ್ಯ. ಒಂದು ಕಡೆ ಶಿವಪಾರ್ವತಿ, ಇನ್ನೊಂದು ಕಡೆ ನಾಗರಿಯಲ್ಲಿ ಶ್ರೀ ಸದಾಶಿವ. ಅಣ್ಣ ನಾಣ್ಯ ವ್ಯಾಪಾರಿಯೊಬ್ಬರಿಗೆ ತೋರಿಸಲು ಒಯ್ದ. "ಸವೆದಿದೆ, ಚಿನ್ನದ ರೇಟು ಅಷ್ಟೇ" ಅಂತ 3.4 ಗ್ರಾಂ ತೂಗಿ, ನೂರಿಗೆ ಐದು ಕಳೆದು ದುಡ್ಡು ಎಣಿಸಿದರು. ಎರಡು ತಿಂಗಳಿಗೆ ಅದೇ ವರಹ, ಪಾರ್ವತಿಯ ಭುಜದ ಹತ್ತಿರ ಅದೇ ಚಿಟಿಕೆ ಗೀರು, ಅವರದೇ ವಾಟ್ಸಾಪ್ ಪಟ್ಟಿಯಲ್ಲಿ "ಅತಿ ಅಪರೂಪ", ಬೆಲೆ ಮೂರು ಪಟ್ಟು. ದಾಂಡೇಲಿಯವರೇ, ಕೊಳ್ಳುವಾಗ ಸವೆದಿದ್ದು ಮಾರುವಾಗ ಹೇಗೆ ತುಂಬಿಕೊಳ್ತದೆ?

ನಾಣ್ಯ ವ್ಯಾಪಾರಿ, ದಾಂಡೇಲಿ:
ಅಕ್ಕಾ, ಅದು ನಾನಲ್ಲ. ಗಿರಾಕಿ ಸಿಗೋ ತನಕ ದುಡ್ಡು ಕಟ್ಟಿ ಕೂತವನ ಕಷ್ಟ...

ಶಿರಸಿ ಅಕ್ಕ:
ಎರಡು ತಿಂಗಳು ಕೂತ ಕಷ್ಟವೇ?

ಸಿದ್ದಾಪುರದ ತೋಟಿಗ:
ಬಿಲ್ಲಿನ ಮೇಲೆ "ಒಂದೇ ವರ್ಷ ಅಚ್ಚಾಗಿದ್ದು" ಅಂತ ಬರೆದು ಸಹಿ ಹಾಕಿ ಅಂದೆ. ಸರ್ಟಿಫಿಕೇಟ್ ಇದೆಯಲ್ಲ ಅಂದರು. ಅದರಲ್ಲಿ ತೂಕವೂ ಇಲ್ಲ, ನಾಣ್ಯದ ಫೋಟೋನೂ ಇಲ್ಲ. ಈಗ 39,000ಕ್ಕೆ ಇಳಿದಿದ್ದಾರೆ.

ಸದಾಶಿವಗಡದವ:
ಇಳಿದರಾ? ನಂಬರ್ ಕಳಿಸಿ, ರುಪಿಯಾ ಇದೆಯಾ ಕೇಳ್ತೇನೆ.