ಲಿನಕ್ಸ್‌ಗೆ ಎರಡನೇ ನೆಟ್‌ವರ್ಕ್ ಕಾರ್ಡ್: ಹಾಕಿ ಗೊತ್ತಿದ್ದವರು ಹೇಳಿ

ಪ್ರಶ್ನೆ, ಮಂಡ್ಯದಿಂದ:
ನಮ್ಮದು ಫೋಟೋ ಸ್ಟುಡಿಯೋ. ಉಬುಂಟು 22.04 ಇರುವ ಕಂಪ್ಯೂಟರಿಗೆ ಇನ್ನೊಂದು ನೆಟ್‌ವರ್ಕ್ ಕಾರ್ಡ್ ಹಾಕಿಸಿದ್ದೇನೆ. ಹಳೆಯದು ಇಂಟರ್ನೆಟ್ ರೌಟರಿಗೆ ಹೋಗುತ್ತದೆ. ಹೊಸದರಿಂದ ಮದುವೆ ಫೋಟೋ ಇಡುವ ಸ್ಟೋರೇಜ್ ಡಬ್ಬಕ್ಕೆ ನೇರ ಕೇಬಲ್. ಹೊಸದಕ್ಕೆ ಐಪಿ (ನೆಟ್‌ವರ್ಕ್ ವಿಳಾಸ) ಕೊಟ್ಟ ಕೂಡಲೇ ಇಂಟರ್ನೆಟ್ ನಿಂತುಹೋಗುತ್ತದೆ. ಏನು ಮಾಡಲಿ?

ಮೈಸೂರು, ಸರಸ್ವತಿಪುರಂ:
ಹೊಸ ಕಾರ್ಡಿಗೂ ಗೇಟ್‌ವೇ (ಹೊರಗಿನ ನೆಟ್‌ವರ್ಕಿಗೆ ಹೋಗುವ ಬಾಗಿಲಿನ ವಿಳಾಸ) ಕೊಟ್ಟಿದ್ದೀರಾ? ಕೊಟ್ಟಿದ್ದರೆ ಮೊದಲು ಅದನ್ನು ಅಳಿಸಿ. ಖಾಲಿ ಜಾಗ ಕಂಡರೆ ಏನಾದರೂ ತುಂಬಬೇಕು ಅನ್ನಿಸುತ್ತದೆ, ಅಲ್ವಾ? ಇಲ್ಲಿ ಖಾಲಿ ಬಿಡುವುದೇ ಸರಿ. ಗೇಟ್‌ವೇ ಕೊಟ್ಟರೆ ಆ ಕಾರ್ಡಿಗೂ ಡೀಫಾಲ್ಟ್ ರೂಟ್, ಅಂದರೆ ಬೇರೆ ದಾರಿ ಗೊತ್ತಿಲ್ಲದಾಗ ಹಿಡಿಯುವ ದಾರಿ, ಬರುತ್ತದೆ. ಅಂಥವು ಎರಡಿದ್ದರೆ ಮೆಟ್ರಿಕ್ (ದಾರಿಯ ಆದ್ಯತೆ ಹೇಳುವ ಅಂಕಿ) ಕಡಿಮೆ ಇರುವುದನ್ನು ಲಿನಕ್ಸ್ ಹಿಡಿಯುತ್ತದೆ. ಅದು ಸ್ಟೋರೇಜ್ ಕಡೆಯದಾದರೆ, ಮಂಡ್ಯದಲ್ಲಿ ಬೆಂಗಳೂರಿಗೆ ಹೊರಟವನನ್ನು ಮೈಸೂರು ಬಸ್ಸಿಗೆ ಹತ್ತಿಸಿದ ಹಾಗೆ. ಟರ್ಮಿನಲ್‌ನಲ್ಲಿ ‘ಐಪಿ ರೂಟ್’ ಕೊಟ್ಟು ನೋಡಿ. ‘ಡೀಫಾಲ್ಟ್’ ಎಂದು ಶುರುವಾಗುವ ಸಾಲು ನಿಮ್ಮಲ್ಲಿ ಒಂದೇ ಇರಬೇಕು, ಅದೂ ರೌಟರ್ ಕಡೆಗೆ.

ಮದ್ದೂರು:
ಮೇಲಿನವರು ಹೇಳಿದ್ದು ಸರಿ. ಜೊತೆಗೆ ಸಬ್‌ನೆಟ್ (ಒಂದೇ ಸಾಲಿನ ಐಪಿ ವಿಳಾಸಗಳ ಗುಂಪು) ಕೂಡ ನೋಡಿ. ರೌಟರ್ 192.168.1 ಸಾಲಿನಲ್ಲಿದ್ದರೆ ಹೊಸ ಕಾರ್ಡಿಗೂ ಅದೇ ಸಾಲು ಕೊಡಬೇಡಿ. ಯಾವ ಕಾರ್ಡಿಂದ ಹೊರಡಬೇಕೋ ಅದರ ಬದಲು ಇನ್ನೊಂದರಿಂದ ಪ್ಯಾಕೆಟ್ (ಡೇಟಾದ ತುಣುಕು) ಹೊರಡುತ್ತದೆ, ನೀವು ಸುಮ್ನೆ ಕೇಬಲ್ ಬದಲಿಸುತ್ತಾ ಕೂರಬೇಕಾಗುತ್ತದೆ. ಕಾರ್ಡಿಗೆ 192.168.50.1, ಡಬ್ಬಕ್ಕೆ 192.168.50.2, ಎರಡಕ್ಕೂ ಮಾಸ್ಕ್ (ಸಬ್‌ನೆಟ್ ಎಷ್ಟು ದೊಡ್ಡದು ಎಂದು ಹೇಳುವ ಅಂಕಿ) 255.255.255.0. ಅಷ್ಟೇ ಸಾಕು.

ಮೈಸೂರು, ಹೆಬ್ಬಾಳ:
ಉಬುಂಟುವಿನ ನೆಟ್‌ವರ್ಕ್ ಸೆಟ್ಟಿಂಗ್ ಇರುವ ನೆಟ್‌ಪ್ಲಾನ್ ಫೈಲ್ ಕೈಯಲ್ಲಿ ಬರೆಯುವವರಿಗೆ ಒಂದು ಮಾತು. ಕಾರ್ಡ್ ಸೇರಿಸಿದ ಮೇಲೆ ಹಳೆಯ ಕಾರ್ಡಿನ ಹೆಸರೂ ಬದಲಾಗಬಹುದು. ‘ಇಎನ್‌ಪಿ2ಎಸ್0’ ಇದ್ದದ್ದು ‘ಇಎನ್‌ಪಿ3ಎಸ್0’ ಆಗಿರುತ್ತದೆ. ಆ 2, 3 ಪಿಸಿಐ ಬಸ್ಸಿನ, ಅಂದರೆ ಕಾರ್ಡನ್ನು ಕಂಪ್ಯೂಟರಿಗೆ ಜೋಡಿಸುವ ಒಳಗಿನ ಸಂಪರ್ಕದ ನಂಬರು. ಹೊಸ ಕಾರ್ಡ್ ನಡುವೆ ಬಂದರೆ ಎಣಿಕೆ ಜರುಗುತ್ತದೆ. ಫೈಲಿನಲ್ಲಿ ಹಳೆಯ ಹೆಸರೇ ಉಳಿದಿದ್ದರೆ ಹಳೆಯ ಕಾರ್ಡಿಗೆ ಐಪಿ ಸಿಗುವುದೇ ಇಲ್ಲ, ಜನ ಹೊಸ ಕಾರ್ಡನ್ನು ಬೈಯುತ್ತಾರೆ. ಹೆಸರಿನ ಬದಲು ಮ್ಯಾಕ್ ವಿಳಾಸದಿಂದ (ಕಾರ್ಡಿಗೇ ಇರುವ ಗುರುತಿನ ಸಂಖ್ಯೆ) ಗುರುತಿಸುವಂತೆ ಬರೆದರೆ ಈ ಕಾಟ ಇಲ್ಲ. ಫೈಲಿನಲ್ಲಿ ಟ್ಯಾಬ್ ಒತ್ತಬೇಡಿ, ಸ್ಪೇಸ್ ಮಾತ್ರ. ‘ನೆಟ್‌ಪ್ಲಾನ್ ಟ್ರೈ’ ಬಳಸಿ. ನೀವು ಎಂಟರ್ ಒತ್ತಿ ಒಪ್ಪದಿದ್ದರೆ 120 ಸೆಕೆಂಡಿಗೆ ಹಳೆಯ ಸೆಟ್ಟಿಂಗಿಗೆ ವಾಪಸ್ ಹೋಗುತ್ತದೆ.

ಪ್ರಶ್ನೆ ಕೇಳಿದವರು:
ಗೇಟ್‌ವೇ ತೆಗೆದೆ, ಇಂಟರ್ನೆಟ್ ಬಂತು. ಥ್ಯಾಂಕ್ಸ್! ಆದರೆ ಫೋಟೋ ಕಾಪಿ ಸೆಕೆಂಡಿಗೆ 11 ಎಂಬಿ ದಾಟುತ್ತಿಲ್ಲ. ಕಾರ್ಡ್ ಗಿಗಾಬಿಟ್‌ದೇ.

ಮದ್ದೂರು:
11 ಅಂದರೆ ಲಿಂಕ್ 100 ಎಂಬಿಪಿಎಸ್‌ಗೆ (ಸೆಕೆಂಡಿಗೆ 100 ಮೆಗಾಬಿಟ್; 8 ಬಿಟ್ ಸೇರಿದರೆ ಒಂದು ಬೈಟ್) ನಿಂತಿದೆ ಅಂತ ಲೆಕ್ಕ. ಟರ್ಮಿನಲ್‌ನಲ್ಲಿ ‘ಈಥ್‌ಟೂಲ್’ ಕಮಾಂಡ್ ಜೊತೆ ಕಾರ್ಡಿನ ಹೆಸರು ಕೊಟ್ಟು ‘ಸ್ಪೀಡ್’ ಸಾಲು ನೋಡಿ. ಗಿಗಾಬಿಟ್‌ಗೆ ಕೇಬಲ್ಲಿನ ನಾಲ್ಕೂ ಜೋಡಿ ತಂತಿ ಬೇಕು, 100ಕ್ಕೆ ಎರಡೇ ಜೋಡಿ ಸಾಕು. ಕ್ರಿಂಪ್ ಮಾಡಿದ (ಕನೆಕ್ಟರ್ ಒತ್ತಿ ಕೂರಿಸಿದ) ತುದಿಯಲ್ಲಿ ಒಂದು ತಂತಿ ಸರಿಯಾಗಿ ಕೂತಿರಲಿಕ್ಕಿಲ್ಲ. ಬೇರೆ ಕ್ಯಾಟ್ 5ಇ ಕೇಬಲ್ ಹಾಕಿ ನೋಡಿ. ಡಬ್ಬದ ಪೋರ್ಟ್ ಕೂಡ ಗಿಗಾಬಿಟ್ ಇದೆಯಾ?