220 ಕೆವಿ ಲೈನ್ ಪಕ್ಕದ ಸೈಟು ತಗೋಬಹುದಾ?

ಹೊಸಮನೆ:
ಮೈಸೂರಿನ ಹೊರಗೆ ತೆಂಗಿನ ತೋಟ ತೆಗೆದು ಮಾಡಿದ ಲೇಔಟಿನಲ್ಲಿ ಒಂದು ಸೈಟು ನೋಡಿದ್ದೇವೆ. ಹಿಂದೆ 220 ಕೆವಿ ಹೈಟೆನ್ಷನ್ ಲೈನ್ ಇದೆ. ತುದಿಯ ತಂತಿಯಿಂದ ಬೇಲಿಗೆ ಸುಮಾರು 20 ಮೀಟರ್. "ಎಲ್ಲಾ ರೂಲ್ಸ್ ಪ್ರಕಾರವೇ ಇದೆ ಮೇಡಂ" ಅಂತಾರೆ ಬ್ರೋಕರ್. ಆದರೆ ಫೋನಿನ ಆಪ್ ಕಾಂತಕ್ಷೇತ್ರ 42 ಮೈಕ್ರೋಟೆಸ್ಲಾ ಅಂತ ತೋರಿಸಿತು! 0.4 ದಾಟಿದರೆ ಮಕ್ಕಳಿಗೆ ರಕ್ತದ ಕ್ಯಾನ್ಸರ್ ಅಂತ ಓದಿದೆ. ಮಗಳಿಗಿನ್ನೂ ಮೂರು ವರ್ಷ.

ನಿವೃತ್ತ ಇಂಜಿನಿಯರ್, ತುಮಕೂರು:
ಅಮ್ಮಾ, ಮೊದಲು ಆ 42 ಮರೆತುಬಿಡಿ. ಅದು ಭೂಮಿಯ ಕಾಂತಕ್ಷೇತ್ರ. ಫೋನಿನಲ್ಲಿರುವುದು ಬರೀ ದಿಕ್ಸೂಚಿ. ಲೈನೇ ಇಲ್ಲದ ಗದ್ದೆ ಬಯಲಲ್ಲಿ ನಿಂತರೂ 40ರ ಆಸುಪಾಸೇ ಬರುತ್ತದೆ. ಲೈನಿನ ಕ್ಷೇತ್ರ ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಆಗುವಂಥದ್ದು, ಅದನ್ನು ಅಳೆಯಲು ಗಾಸ್ ಮೀಟರ್ ಎಂಬ ಉಪಕರಣವೇ ಬೇಕು.

ಬ್ರೋಕರ್ ಹೇಳುವ ರೂಲ್ಸ್ ಬೇರೆ. 220 ಕೆವಿಗೆ 35 ಮೀಟರ್ ಕಾರಿಡಾರ್, ಅಂದರೆ ಲೈನಿನ ಕೆಳಗೆ ಖಾಲಿ ಬಿಡುವ ಪಟ್ಟಿ, ನಡುವಿನಿಂದ ಆಚೆ ಈಚೆ ಹದಿನೇಳೂವರೆ. ಕಟ್ಟಡಕ್ಕೂ ತಂತಿಗೂ ಅಡ್ಡಲಾಗಿ 3.8 ಮೀಟರ್. ಗಾಳಿಗೆ ತಂತಿ ವಾಲಿದಾಗ ಕರೆಂಟ್ ಹಾರಬಾರದು ಅಂತ ಲೆಕ್ಕ ಹಾಕಿದ್ದು ಇದು. ಮಗು ವರ್ಷಗಟ್ಟಲೆ ಮಲಗುವ ಕೋಣೆಯ ಲೆಕ್ಕ ಇದರಲ್ಲಿಲ್ಲ.

ಇನ್ನು 0.4. ಅಷ್ಟು ಸರಾಸರಿ ದಾಟಿದ ಮನೆಗಳಲ್ಲಿ ಮಕ್ಕಳ ಲ್ಯುಕೇಮಿಯಾ (ರಕ್ತದ ಕ್ಯಾನ್ಸರ್) ಸ್ವಲ್ಪ ಜಾಸ್ತಿ ಕಂಡಿದೆ, ನಿಜ. ಲೈನೇ ಕಾರಣ ಅಂತ ಸಾಬೀತಾಗಿಲ್ಲ. 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಸ್ಥೆ ಇದನ್ನು "ಕಾರಣ ಆಗಿರಲೂಬಹುದು" ಅನ್ನುವ 2ಬಿ ಗುಂಪಿಗೆ ಹಾಕಿತು. ಐಸಿಎನ್‌ಐಆರ್‌ಪಿ ಎಂಬ ಅಂತರರಾಷ್ಟ್ರೀಯ ಆಯೋಗ 2010ರಲ್ಲಿ ಜನರಿಗೆ ಹೇಳಿದ ಮಿತಿ 200 ಮೈಕ್ರೋಟೆಸ್ಲಾ. ಅದು ನರಗಳಿಗೆ ತಕ್ಷಣ ಆಗುವ ತೊಂದರೆ ತಡೆಯಲಿಕ್ಕೆ, ದೀರ್ಘಕಾಲದ ಅನುಮಾನಕ್ಕಲ್ಲ.

ಜ್ಯೂರಿಕ್ ಕನ್ನಡತಿ:
ಇಲ್ಲಿ ಸ್ವಿಟ್ಜರ್ಲೆಂಡಿನಲ್ಲಿ 2000ನೇ ಇಸವಿಯಿಂದ ಎರಡು ಮಿತಿ ಇವೆ ಸರ್. ಸಾಮಾನ್ಯವಾಗಿ 100. ಮನೆ, ಶಾಲೆ, ಮಕ್ಕಳ ಆಟದ ಜಾಗದ ಹತ್ತಿರ ಹೊಸ ಲೈನ್ ಎಳೆದರೆ 1. ಇಟಲಿಯಲ್ಲೂ 2003ರಿಂದ ಹೊಸದಕ್ಕೆ 3ರ ಗುರಿ.

ನಿವೃತ್ತ ಇಂಜಿನಿಯರ್, ತುಮಕೂರು:
ನಮ್ಮಲ್ಲೂ ಮನೆ, ಶಾಲೆಗೆ ಅಂಥ ಬೇರೆ ಅಂಕಿ ಬರಲೇಬೇಕು. ಮೊಬೈಲ್ ಟವರಿನ ವಿಕಿರಣಕ್ಕೆ 2012ರಲ್ಲೇ ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗ ಮಾಡಿದ ದೇಶ ನಮ್ಮದು. ಲೈನಿಗೇಕೆ ಆಗಬಾರದು?

ಹೊಸಮನೆ:
ಹಾಗಾದರೆ ಸೈಟು ಬಿಡೋದಾ ಸರ್?

ನಿವೃತ್ತ ಇಂಜಿನಿಯರ್, ತುಮಕೂರು:
ಅಳೆಯದೆ ಬಿಡಬೇಡಿ, ಅಳೆಯದೆ ತಗೋಬೇಡಿ. ಕಾಂತಕ್ಷೇತ್ರ ತಂತಿಯಲ್ಲಿ ಹರಿಯುವ ಕರೆಂಟಿನ ಮೇಲೆ ನಿಂತಿದೆ, ಗೋಡೆ ಅದನ್ನು ತಡೆಯುವುದಿಲ್ಲ. ಮಧ್ಯಾಹ್ನ ಒಂದು ಸಲ, ಸಂಜೆ ಏಳರ ಲೋಡಿನಲ್ಲಿ ಒಂದು ಸಲ ನೋಡಿ. ಬೇಲಿಯ ಹತ್ತಿರ ಅಲ್ಲ, ಮಲಗುವ ಕೋಣೆ ಬರುವ ಜಾಗದಲ್ಲಿ. ದೂರ ಹೋದ ಹಾಗೆ ಬೇಗ ಇಳಿಯುತ್ತದೆ. ಕೋಣೆಯನ್ನು ರಸ್ತೆ ಕಡೆಗೆ ತಂದರೆ ಎಷ್ಟಾಗುತ್ತದೆ ಅಂತಲೂ ಅಳೆದು, ಬಂದ ಅಂಕಿಗಳನ್ನು ಇಲ್ಲೇ ಹಾಕಿ.